ತಾಳವಿಲ್ಲದ ಕ್ಯಾಸೆಟ್, ಒಂದು ಹೂಂ

ತೊಂಬತ್ತರ ದಶಕದ ನಡುವಿನಲ್ಲಿ ನಾವು ವಡೋದರಾದಲ್ಲಿದ್ದೆವು. ನಾನು ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದೆ. ಎಂ.ಎಸ್ಸಿ. ಓದಿದ ಜಂಬ; ಪುರಾವೆ ಇಲ್ಲದೆ ಏನನ್ನೂ ನಂಬುತ್ತಿರಲಿಲ್ಲ. ರಾತ್ರಿ ನಿದ್ದೆಯೂ ಬರುತ್ತಿರಲಿಲ್ಲ.

ಅಲ್ಕಾಪುರಿ ಬಡಾವಣೆಯಲ್ಲಿ ವಿದೇಶಿ ಸಂಗೀತವನ್ನು ಕ್ಯಾಸೆಟ್ಟಿಗೆ ತುಂಬಿಸಿ ಕೊಡುವ ಅಂಗಡಿಯೊಂದಿತ್ತು. ರಾತ್ರಿ ಕೇಳುವಂಥದ್ದು ಕೊಡಿ ಎಂದೆ. ಅಂಗಡಿಯವನು ಹಿಂದಿಯಲ್ಲಿ, "ಸಾಹೇಬ್, ಇದರಲ್ಲಿ ಹಾಡಿಲ್ಲ, ತಾಳವೂ ಇಲ್ಲ. ಕೆಟ್ಟಿದೆ ಅಂತ ವಾಪಸ್ ತರಬೇಡಿ" ಎಂದ. ಕೇಳಿದಾಗ ವಾಕ್‌ಮನ್ನಿನ ಸೆಲ್ ಇಳಿದಿದೆ ಎಂದೇ ಅಂದುಕೊಂಡೆ. ಹೊಸ ಸೆಲ್ ಹಾಕಿದರೂ ಅದೇ ಉದ್ದನೆಯ ಸ್ವರ, ಇನ್ನೊಂದರೊಳಗೆ ನಿಧಾನವಾಗಿ ಕರಗುತ್ತಿತ್ತು. ಒಂದು ಬದಿ ಮುಗಿದು ಗುಂಡಿ ಟಕ್ಕೆಂದಾಗಲೇ, ಅಷ್ಟು ಹೊತ್ತು ನಾನು ಏನನ್ನೂ ಯೋಚಿಸಿರಲಿಲ್ಲ ಎಂದು ಗೊತ್ತಾದದ್ದು. ಆಮೇಲೆ ದಿನವೂ ಅದೇ.

ನನ್ನ ಹೆಂಡತಿಗೆ ಕನ್ನಡ ಮಾತಾಡಲು ಸಿಗುತ್ತಿದ್ದ ಹೊತ್ತೂ ಅದೊಂದೇ. ಮಗಳು ಗುಜರಾತಿಯಲ್ಲೇ ಆಡಿ ದಣಿದು ಮಲಗಿದ ಮೇಲೆ, ಮಂಚದ ತುದಿಗೆ ಕೂತು ತನ್ನ ಧಾರವಾಡದ ಮಾತಿನಲ್ಲಿ ದಿನದ ಸುದ್ದಿಯೆಲ್ಲ ಹೇಳುತ್ತಿದ್ದಳು. ನಮ್ಮ ಕಡೆ, ಹೇಳುವವರಿಗೆ ಕೇಳುವವರು ಹೂಂಗುಟ್ಟುತ್ತಿರಬೇಕು. ಹೆಡ್‌ಫೋನ್ ತೆಗೆಯದೆ, ಅವಳ ತುಟಿ ನೋಡಿಕೊಂಡೇ ಹೂಂಗುಟ್ಟಲು ಕಲಿತೆ.

ಆಗ ಹತ್ತಿರದ ಶಾಲೆಯವರು ಅವಳನ್ನು ಗಣಿತ ಕಲಿಸಲು ಕರೆದಿದ್ದರು. ಬಿ.ಎಡ್. ಮಾಡಿಕೊಂಡಿದ್ದವಳು, ಮದುವೆಯಾದ ಮೇಲೆ ಬೋರ್ಡಿನ ಮುಂದೆ ನಿಂತಿರಲಿಲ್ಲ. ಕೆಲವು ದಿನ ಬಿಟ್ಟು, ಆ ಶಾಲೆಯ ವಿಷಯ ಏನಾಯಿತು ಎಂದು ಕೇಳಿದೆ.

"ಬ್ಯಾಡ ಅಂತ ಹೇಳಿಬಿಡ್ಲೇನ್ರಿ ಅಂದೆ. ನೀವ ಹೂಂ ಅಂದ್ರಿ. ಹೇಳಿಬಂದೆ."

ಕೇಳಿಸಿಯೇ ಇರಲಿಲ್ಲ, ನಾಳೆಯೇ ಹೋಗಿ ಮಾತಾಡು ಎನ್ನಬಹುದಿತ್ತು. ನನ್ನ ಬಾಯಿಂದ ಬಂದದ್ದು, "ಛಲೋ ಆತು ಬಿಡು. ಮಗಳಿನ್ನೂ ಸಣ್ಣಾಕಿ."

ಅವಳು ಮತ್ತೆ ಎಲ್ಲೂ ಕಲಿಸಲಿಲ್ಲ. ಬಹಳ ವರ್ಷಗಳ ಮೇಲೆ ತಪ್ಪೊಪ್ಪಿಕೊಂಡೆ: ಅವತ್ತು ಕಿವಿಯಲ್ಲಿ ಸಂಗೀತವಿತ್ತು ಎಂದೆ. ಅವಳು ನಕ್ಕಳು.

"ಎಲ್ಲಿ ಸಂಗೀತ? ವಾಕ್‌ಮನ್ ಒಳಗಿನ ಬೆಲ್ಟ್ ಹೋಗಿ ರಿಪೇರಿಗೆ ಕೊಟ್ಟಿದ್ರಲ್ಲ! ಅವತ್ತ ಬರೇ ಕಿವೀಲೆ ಕೂತಿದ್ರಿ."

ಕಿವಿಗೆ ಒತ್ತಿದ ಹೆಡ್‌ಫೋನಿನ ಸ್ಪಂಜು, ಆ ಸ್ವರ, ಎಲ್ಲ ನನಗೆ ಸ್ಪಷ್ಟವಾಗಿ ನೆನಪಿದೆ. ಆದರೆ ಅಂಥ ರಾತ್ರಿಗಳು ನೂರಾರಿದ್ದವು. ಅದರಲ್ಲೊಂದನ್ನು ಎತ್ತಿ ಈ ಜಾಗದಲ್ಲಿ ಇಟ್ಟುಕೊಂಡಿರಬಹುದು. ಅವಳದ್ದೇ ನಿಜವಾದರೆ ನಾನು ಪ್ರಶ್ನೆ ಕೇಳಿಸಿಕೊಂಡೇ ಹೂಂ ಅಂದಿದ್ದೆ. ಆ ಮಾತಿಗೆ ಹೋಗಲಾರದೆ, ರಿಪೇರಿಗೆ ಕೊಟ್ಟದ್ದು ಮಳೆಗಾಲದಲ್ಲಿ, ಶಾಲೆಯ ಮಾತು ಬಂದದ್ದು ಬೇಸಿಗೆಯಲ್ಲಿ ಎಂದು ವಾದಕ್ಕಿಳಿದೆ.

"ಬಿಡ್ರಿ," ಎಂದಳು. "'ಯಾಕ ಬ್ಯಾಡ ಅಂತೀ?' ಅಂತ ನೀವು ಕೇಳ್ತೀರೇನೋ ಅಂತ ನಾ ಹಂಗ ಅಂದಿದ್ದೆ."