ಕಾಗೆ ಮುಟ್ಟದ ನನ್ನ ಪಿಂಡ

ನನ್ನ ಮೊಮ್ಮಗಳ ಪುಸ್ತಕ ಅಚ್ಚಾಗಿ ಬಂದಿದೆ. ಬೆಳಗಿನಿಂದ ಹಾಲಿನವನಿಗೆ, ಲಿಫ್ಟಿನವನಿಗೆ, ಬಂಗಾಳದ ಈ ಊರಿನ ಗರಿಯಾಹಾಟ್ ಮಾರುಕಟ್ಟೆಯಲ್ಲಿ ಬದನೆಕಾಯಿ ಮಾರುವವಳಿಗೆ ಹೇಳಿ ಮುಗಿಸಿದ್ದೇನೆ; ಉಳಿದವರು ನೀವು. ಎಂಥ ಪುಸ್ತಕ ಎಂದು ಕೇಳಿದಾಗ ಮಾತ್ರ ಕೊಂಚ ತಡವರಿಸಿದೆ. ಹನ್ನೊಂದು ಕಥೆ, ಹನ್ನೊಂದರಲ್ಲೂ ಹೆಣ, ಓದಿದವರು ನಗುತ್ತಾರಂತೆ.

ಪುಸ್ತಕ ಇಂಗ್ಲಿಷಿನದು, ನಾನು ಕಲಿತದ್ದು ಕನ್ನಡ ನಾಲ್ಕನೇ ಇಯತ್ತೆ. ಹಾಗಾಗಿ ಮೊಮ್ಮಗಳು ಮೇಘಾ ನನ್ನ ಜೊತೆ ಬಟಾಣಿ ಸುಲಿಯುತ್ತ ಮುರುಕು ಕನ್ನಡದಲ್ಲಿ ಒಂದೊಂದೇ ಕಥೆ ಹೇಳಿದಳು. ಒಬ್ಬನಂತೂ ತನಗೆ ಹೊದಿಸಿದ ಬಟ್ಟೆಯ ಬಣ್ಣ ಹಿಡಿಸದೆ ಚಟ್ಟದಿಂದೆದ್ದು ಅಂಗಡಿಗೆ ಹೋಗುತ್ತಾನೆ. ನಕ್ಕೆ. ನಕ್ಕದ್ದಕ್ಕೆ ಕೆನ್ನೆ ಬಡಿದುಕೊಂಡೆ. ಮತ್ತೆ ನಕ್ಕೆ. ನಮ್ಮ ಮಾವನವರ ಹದಿಮೂರನೆಯ ದಿನ ಅತ್ತೆಯೇ ಅವರಂತೆ ಗೊರಕೆ ಹೊಡೆದು ತೋರಿಸಿದ್ದರು, ಅಳುತ್ತಲೇ. ಸಾವಿನ ಮನೆಯಲ್ಲಿ ಈ ನಗು ಯಾವ ಬಾಗಿಲಿಂದ ಒಳಗೆ ಬರುತ್ತದೋ, ಓದಿದವರಿಗಾದರೂ ಗೊತ್ತೋ ಇಲ್ಲವೋ.

ಎಣಿಕೆ ನನಗೆ ಚೆನ್ನಾಗಿ ಬರುತ್ತದೆ. ಕಥೆ ಹತ್ತಕ್ಕೇ ನಿಂತಿತು.

“ಇನ್ನೊಂದೆಲ್ಲಿ ಹೋತು?”

“ಅದು ಬ್ಯಾಡ ಅಜ್ಜಿ. ಅದರಾಗ ನೀ ಇದ್ದಿ.”

“ಸತ್ತೇನೇನು?”

“ಫಸ್ಟ್ ಲೈನ್‌ದಾಗ.”

ಅವಳ ಕಣ್ಣು ತುಂಬಿತ್ತು. ನನಗೆ ನೋವಾದರೆ ಮುಂದಿನ ಸಲ ಅಚ್ಚು ಹಾಕುವಾಗ ಆ ಕಥೆಯನ್ನು ತೆಗೆಸಿಬಿಡುತ್ತೇನೆ ಎಂದಳು. ಮೊದಲು ಹೇಳು ಎಂದೆ.

ಕಥೆಯಲ್ಲಿ ನನ್ನ ಪಿಂಡವನ್ನು ಬಾಲಿಗಂಜಿನ ನಮ್ಮ ತಾರಸಿಯ ಮೇಲಿಟ್ಟಿದ್ದಾರೆ. ಕಾಗೆ ಮುಟ್ಟುತ್ತಿಲ್ಲ. ಮುದುಕಿಗೆ ಏನೋ ಆಸೆ ಉಳಿದಿದೆ ಎಂದು ಮಗ ಕೈಮುಗಿದು ಕಾಶಿ, ರಾಮೇಶ್ವರ ಎಲ್ಲದಕ್ಕೂ ಮಾತು ಕೊಡುತ್ತಾನೆ. ಊಹೂಂ. ಕೊನೆಗೆ ಪಕ್ಕದ ಮನೆಯ ಬಂಗಾಳಿ ಬೌದಿ, ಅಂದರೆ ನಮ್ಮ ಕಡೆಯ ಅತ್ತಿಗೆ, ಒಂದು ತುಂಡು ಇಲಿಶ್ ಮೀನು ತಂದಿಡುತ್ತಾಳೆ, ಕಾಗೆಗಳು ಮುಗಿಬೀಳುತ್ತವೆ. ಮೊಟ್ಟೆಯ ವಾಸನೆಗೂ ಕಿಟಕಿ ಮುಚ್ಚುವ ನಾನು ಮೀನಿನ ದೆಸೆಯಿಂದ ಸ್ವರ್ಗ ಸೇರಿದ್ದನ್ನು ಮನೆಯವರು ಊರಿನ ನೆಂಟರಿಂದ ಮುಚ್ಚಿಡುತ್ತಾರೆ.

ಸುಳ್ಳೇಕೆ, ಒಂದು ಕ್ಷಣ ಎದೆ ಚುರುಕ್ ಎಂದಿತು. ಆಮೇಲೆ ಕುತೂಹಲವೇ ಗೆದ್ದಿತು. ಮೀನು ತಿಂದು ಬೆಳೆದ ಇಲ್ಲಿನ ಕಾಗೆಗೆ ನಮ್ಮ ಅನ್ನ ರುಚಿಸುತ್ತದೆಯೇ ಎಂದು ಇಷ್ಟು ವರ್ಷ ನಾನೇ ಯೋಚಿಸಿರಲಿಲ್ಲ.

“ಒಂದಕ್ಷರಾನೂ ತಗೀಬ್ಯಾಡ,” ಎಂದೆ. “ಆದರ ಪಿಂಡಕ್ಕ ಎಳ್ಳು ಹಾಕೋದು ಮರ್ತೀದಿ. ಅದನ್ನಷ್ಟು ಸೇರಸು.”

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಹೋಳಿಗೆ ಮಾಡಿದ್ದೆ. ಕಥೆ ಕೇಳಿ ಮುಖ ಗಂಟಿಕ್ಕಿಕೊಂಡಿದ್ದ ಮಗ ತಟ್ಟೆಗೆ ಕೈ ಅಡ್ಡ ಹಿಡಿದ.

“ಸತ್ತಾಕಿ ನಾನ ಬಡಸಾಕತ್ತೇನಿ,” ಎಂದೆ. “ಬ್ಯಾಡ ಅಂತೀಯೇನು?”

ಸೊಸೆಗೆ ನಗುವಿನಲ್ಲಿ ನೀರು ನೆತ್ತಿಗೇರಿತು. ಮೇಘಾ ಎರಡು ಹಾಕಿಸಿಕೊಂಡಳು. ಮಗ ಮೆಲ್ಲಗೆ ಕೈ ತೆಗೆದ.