ಪಟ್ಟಿ ಮಾವನ ಮನೆಯ ಒಂದು ವೋಟು

ಬೀದಿಯಲ್ಲಿ ಅವನಿಗೆ ಪಟ್ಟಿ ಮಾವ ಅಂತಲೇ ಹೆಸರು. ಹೊಟ್ಟೆಪಾಡಿಗೆ ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದ. ಪ್ರಾಣ ಮಾತ್ರ ಮತದಾರರ ಪಟ್ಟಿಯಲ್ಲಿತ್ತು. ಮೂವತ್ತು ವರ್ಷ ಒಂದೇ ಪಕ್ಷಕ್ಕೆ ಪುಗಸಟ್ಟೆ ದುಡಿದ. ಯಾವ ಮನೆಯಲ್ಲಿ ಎಷ್ಟು ವೋಟು, ಅಪ್ಪ ಯಾವ ಕಡೆ, ಮಗ ಯಾವ ಕಡೆ, ಯಾವ ಸೊಸೆ ಅತ್ತೆಯ ಮುಂದೆ ಹೂಂ ಅಂದು ಒಳಗೆ ಹೋಗಿ ಬೇರೆ ಗುಂಡಿ ಒತ್ತುತ್ತಾಳೆ, ಎಲ್ಲ ಬಾಯಿಪಾಠ. ಪಟ್ಟಿಯ ಮೇಲೆ ಅವನದೇ ಪೆನ್ಸಿಲ್ ಗುರುತುಗಳು: ನಮ್ಮವರಿಗೆ ಟಿಕ್ಕು, ಎದುರಿನವರಿಗೆ ಇಂಟು, ನಮ್ಮವರೇ ಆದರೂ ಹೊಸಿಲು ದಾಟದವರಿಗೆ ಸೊನ್ನೆ. ಮತದಾನದ ದಿನ ಮಧ್ಯಾಹ್ನದ ಮೇಲೆ ಸೊನ್ನೆಯವರ ಮನೆಗೆ ಆಟೋ ಹೋಗುತ್ತಿತ್ತು. ಅವರು ಮನೆ ಖಾಲಿ ಮಾಡಿದ್ದರೋ, ಕಣ್ಣು ಮುಚ್ಚಿದ್ದರೋ, ಅವರ ಹೆಸರಲ್ಲಿ ಇನ್ಯಾರೋ ಹೋಗಿ ಹಾಕಿ ಬರುತ್ತಿದ್ದರು. ಅದೂ ಅವನಿಗೆ ಗೊತ್ತಿತ್ತು. ಕಂಡೂ ಕಾಣದ ಹಾಗೆ ಇರುತ್ತಿದ್ದ.

ಇಷ್ಟೆಲ್ಲ ಹಾರಾಡುವವನ ಮನೆಯಿಂದ ಬೀಳುತ್ತಿದ್ದದ್ದು ಒಂದೇ ವೋಟು, ಅವನದು. ಹೆಂಡತಿ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಬಾಗಿಲ ಮುಂದೆ ಬಾಯಿ ತೆರೆದುಕೊಂಡಿದ್ದ ಮೋರಿ ತೋರಿಸಿ, “ಅದಕ್ಕೆ ಚಪ್ಪಡಿ ಹಾಕಿಸಿ, ಆಮೇಲೆ ಬರ್ತೀನಿ,” ಅನ್ನುವಳು.

“ಈ ಸಲ ಖಂಡಿತ ಹಾಕಿಸ್ತಾರೆ ಕಣೇ.”

“ಹೋದ ಸಲದ ಖಂಡಿತ ಎಲ್ಲಿ ಹೋಯ್ತು? ಮೋರಿಗೆ ಬಿತ್ತಾ?”

ಸ್ವಂತ ಹೆಂಡತಿಯನ್ನು ಹೊರಡಿಸಲಾಗದವನು ಅಂತ ಪಕ್ಷದವರೇ ಆಡಿಕೊಳ್ಳುತ್ತಿದ್ದರು. ಮಾನ ಉಳಿಸಿಕೊಳ್ಳಲು ಅವಳ ಹೆಸರಿನ ಮುಂದೆ ಒಂದು ಸೊನ್ನೆ ಬರೆದಿಟ್ಟ. ನಮ್ಮವಳೇ, ಬರಲ್ಲ ಅಷ್ಟೆ.

ಹೋದ ವರ್ಷ ಕರೆಂಟಿಲ್ಲದ ಒಂದು ಸಂಜೆ ಅವಳು ಅದೇ ಮೋರಿಗೆ ಬಿದ್ದಳು. ಸೊಂಟದ ಮೂಳೆ ಮುರಿಯಿತು, ಆಮೇಲೆ ನಂಜೇರಿತು. ಆಸ್ಪತ್ರೆಯಲ್ಲಿ ಅವನ ಕೈ ಹಿಡಿದು, “ನಾನು ಹೋದ್ರೆ ಮೊದಲು ಪಟ್ಟಿಯಿಂದ ಹೆಸರು ತೆಗೆಸಿ. ನಿಮ್ಮ ಜನ ಸತ್ತವರನ್ನೂ ಬಿಡಲ್ಲ,” ಅಂದಳು. ನಗುತ್ತಲೇ ಅಂದಳು. ಅವನು ಆಯ್ತು ಅಂದ. ಹತ್ತು ದಿನಕ್ಕೆ ಹೋಗಿಯೇಬಿಟ್ಟಳು.

ಫಾರಂ ತಂದ, ತುಂಬಿದ, ಮರಣಪತ್ರ ಲಗತ್ತಿಸಿದ. ಕೊಟ್ಟು ಬರಲು ಮಾತ್ರ ಕಾಲೇಳಲಿಲ್ಲ. ಬ್ಯಾಂಕಿನಲ್ಲಿ, ಗ್ಯಾಸಿನವರಲ್ಲಿ ಅವಳ ಹೆಸರು ಹೊಡೆದುಹಾಕಿ ಆಗಿತ್ತು. ತನ್ನ ಹೆಸರಿನ ಕೆಳಗೆ ಅವಳ ಹೆಸರು ಉಳಿದಿದ್ದದ್ದು ಆ ಪಟ್ಟಿಯಲ್ಲೊಂದೇ. ಇರಲಿ ಬಿಡು, ಅವಳ ಹೆಸರಲ್ಲಿ ವೋಟು ಬೀಳದ ಹಾಗೆ ನಾನೇ ಕಾಯ್ತೀನಿ ಅಂದುಕೊಂಡ. ಬದುಕಿದ್ದಾಗ ಅವಳ ಒಂದು ಮಾತೂ ನಡೆಸಲಿಲ್ಲ, ಇದೊಂದನ್ನಾದರೂ ನಡೆಸಬೇಕು ಅನ್ನುವ ಹಟ.

ಚುನಾವಣೆ ಬಂತು. ಪಕ್ಷಕ್ಕೆ ಹೊಸ ಕಾರ್ಯದರ್ಶಿ ಬಂದಿದ್ದ, ಅಂಗಿಯ ಮಡಿಕೆ ಕೆಡದ ಮನುಷ್ಯ. “ವಯಸ್ಸಾಯ್ತು ಮಾವ, ಈ ಸಲ ಬೂತಿನ ಕೆಲಸ ನಮಗೆ ಬಿಡಿ,” ಅಂತ ಗುರುತು ಹಾಕಿದ ಪಟ್ಟಿ ಇಸಿದುಕೊಂಡ. ಮಾವ ಹೆಂಡತಿಯ ಹೆಸರಿನ ಮೇಲೆ ಬೆರಳಿಟ್ಟು, “ಇವಳು ಹೋಗ್ಬಿಟ್ಲು. ಇದನ್ನ ಮುಟ್ಟಬೇಡಿ,” ಅಂದ. “ಛೆ ಛೆ, ಅಷ್ಟೂ ಗೊತ್ತಾಗಲ್ವಾ?” ಅಂದ ಕಾರ್ಯದರ್ಶಿ. ಮಾವ ಬಾಯಲ್ಲಿ ಹೇಳಿದ್ದೇನೋ ಸರಿ, ಸೊನ್ನೆ ಅಳಿಸಬೇಕು ಅಂತ ಈ ಮಹಾರಾಯನಿಗೆ ಹೊಳೆಯಲಿಲ್ಲ. ಪಟ್ಟಿ ಹಿಡಿದು ಓಡಾಡುವವರು ನೋಡುವುದು ಗುರುತನ್ನು ತಾನೇ?

ಮತದಾನದ ದಿನ ಹನ್ನೊಂದಕ್ಕೆ ಬೂತಿದ್ದ ಶಾಲೆಗೆ ಹೋದ. ತನ್ನದು ಹಾಕಿ, ಸೊನ್ನೆಯವರ ಹೊತ್ತಿಗೆ ಬಾಗಿಲಲ್ಲೇ ಕೂತಿರುವುದು ಅವನ ಲೆಕ್ಕಾಚಾರ. ಗುಮಾಸ್ತೆ ಅಳತೆಪಟ್ಟಿ ಇಟ್ಟು ಹೆಸರು ಹುಡುಕಿದಳು. ಅವನ ಹೆಸರಿನ ಕೆಳಗಿನ ಸಾಲಿಗೆ ಆಗಲೇ ಕೆಂಪು ಗೀಟು ಬಿದ್ದಿತ್ತು.

“ಇದ್ಯಾಕಮ್ಮಾ ಗೀಟು?”

“ಅವರದು ಆಯ್ತಲ್ಲ. ಬೆಳಿಗ್ಗೆ ಏಳಕ್ಕೇ ಬಂದಿದ್ರು.”

ಮಾವ ಮೇಜಿನ ಮೇಲೆ ಬಗ್ಗಿದ. “ಹೇಗಿದ್ರು?”

“ಚೆನ್ನಾಗೇ ಇದ್ರಪ್ಪ. ಸರಸರ ನಡ್ಕೊಂಡು ಬಂದ್ರು. ಯಾಕೆ, ನಿಮ್ಮವರಾ?”

ಹೊಸ ಕಾರ್ಯದರ್ಶಿ ಸೊನ್ನೆಯವರನ್ನೇ ಮೊದಲು ಮುಗಿಸಿಬಿಟ್ಟಿದ್ದ. ಕೂಗಾಡಬಹುದಿತ್ತು. ಕೂಗಾಡಿದರೆ ಹೆಸರು ಯಾಕೆ ತೆಗೆಸಲಿಲ್ಲ ಅನ್ನುತ್ತಾರೆ, ಸೊನ್ನೆ ಯಾರ ಕೈಬರಹ ಅನ್ನುತ್ತಾರೆ. ಥೂ, ಇದೂ ಒಂದು ಬಾಳೇ! ಬೇರೆಯವರ ಮನೆಯ ಸತ್ತವರನ್ನು ಪಕ್ಷದವರು ಮೂವತ್ತು ವರ್ಷ ಬೂತಿಗೆ ನಡೆಸಿಕೊಂಡು ಹೋದಾಗ ತುಟಿ ಎರಡು ಮಾಡದವನು ಈಗ ಯಾವ ಬಾಯಿಂದ ಕೂಗಬೇಕು? ಶಾಯಿಗೆ ಚಾಚಿದ್ದ ಬೆರಳನ್ನು ಹಿಂದಕ್ಕೆಳೆದುಕೊಂಡು ಹೊರಗೆ ನಡೆದ. ಮನೆಗೆ ಬಂದು, ತುಂಬಿಟ್ಟಿದ್ದ ಫಾರಂ ಮಡಿಲಲ್ಲಿಟ್ಟುಕೊಂಡು ಅತ್ತ.

ನಾಲ್ಕು ಗಂಟೆಗೆ ಕಾರ್ಯದರ್ಶಿಯೇ ಆಟೋ ತಂದ. ಮುಖವೆಲ್ಲ ನಗು.

“ಮಾವ, ನಮ್ಮ ಬೀದಿ ನೂರಕ್ಕೆ ಎಂಬತ್ತು! ಇಷ್ಟು ಯಾವತ್ತೂ ಆಗಿರಲಿಲ್ಲವಂತೆ. ನಿಮ್ಮನೆದು ಮಾತ್ರ ಒಂದೇ ಬಿದ್ದಿದೆ.”

“ನಮ್ಮನೆದು ಯಾವಾಗಲೂ ಒಂದೇ.”

“ತಮಾಷೆ ಸಾಕು, ಏಳಿ. ಇನ್ನೊಂದು ಗಂಟೆಯೇ ಇರೋದು.”

ಮಾವ ಮೋರಿಯ ಕಡೆ ಕೈ ತೋರಿಸಿದ. “ಅದಕ್ಕೆ ಚಪ್ಪಡಿ ಹಾಕಿಸಿ, ಆಮೇಲೆ ಬರ್ತೀನಿ.”

ಕಾರ್ಯದರ್ಶಿ ಒಂದು ಗಳಿಗೆ ಅವನ ಮುಖ ನೋಡಿದ, ಕೈಗಡಿಯಾರ ನೋಡಿದ. ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದು, ಮಾವನ ಹೆಸರಿನ ಮುಂದಿದ್ದ ಟಿಕ್ಕು ಅಳಿಸಿ ಸೊನ್ನೆ ಬರೆದುಕೊಂಡು ಆಟೋ ಹತ್ತಿದ.