ಎರಡು ಸಲ ಡಿಪ್

ತಮ್ಮ ತೀರಿಕೊಂಡಾಗ ಅಮೆರಿಕದ ಸನ್ನಿವೇಲ್‌ನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿಗೆ ಬಂದವರೆಲ್ಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅಡುಗೆಮನೆಯಲ್ಲಿ ಅನ್ನ ಸಾರಿನ ಡಬ್ಬಿ ಇಟ್ಟು, ಸೋಫಾದ ತುದಿಯಲ್ಲಿ ಕೂತು ಒಂದೇ ಪ್ರಶ್ನೆ ಕೇಳಿದರು. "ಈ ಊರಲ್ಲಿ ಬೈಕು ಯಾಕೆ ಬೇಕಿತ್ತು?" ಆಮೇಲೆ ಸ್ಪೀಡು ಎಷ್ಟಿತ್ತು, ಫ್ರೀವೇನಲ್ಲಿ ಕಾರುಗಳ ಮಧ್ಯೆ ನುಗ್ಗುತ್ತಿದ್ದನಾ ಎಂಬ ವಿಚಾರಣೆ. ಫ್ರೀವೇ ಅಲ್ಲ, ಸರಟೋಗಾ ಕಡೆಯಿಂದ ಮನೆಗೆ ಬರುವ ಮಾಮೂಲಿ ರಸ್ತೆ, ಇನ್ನೂ ಬೆಳಕಿತ್ತು ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ಸತ್ತವನ ತಲೆಗೆ ತಪ್ಪು ಕಟ್ಟಿಬಿಟ್ಟರೆ ಉಳಿದವರು ನೆಮ್ಮದಿಯಾಗಿ ಮನೆಗೆ ಹೋಗಬಹುದು, ತಮಗೆ ಹೀಗಾಗುವುದಿಲ್ಲ ಎಂದುಕೊಳ್ಳಬಹುದು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಖಾಲಿ ಡಬ್ಬಿ ವಾಪಸ್ ಕೊಡಬಾರದು, ಒಂದು ಚಿಟಿಕೆ ಸಕ್ಕರೆಯಾದರೂ ಹಾಕಬೇಕು ಎಂದು ಅಮ್ಮ ಬದುಕಿದ್ದಾಗ ಹೇಳುತ್ತಿದ್ದಳು. ನಾನು ಎಲ್ಲರಿಗೂ ಖಾಲಿ ಡಬ್ಬಿಯನ್ನೇ ಕೊಟ್ಟೆ.

ಅವನಷ್ಟು ಹುಷಾರಾಗಿ ಗಾಡಿ ಓಡಿಸುವವರನ್ನು ನಾನು ನೋಡಿಲ್ಲ. ಸೆಕೆಯಿದ್ದರೂ ದಪ್ಪ ಜಾಕೆಟ್, ಅದರ ಮೇಲೆ ಕಣ್ಣು ಕುಕ್ಕುವ ಹಳದಿ ಅಂಗಿ. "ಏನೋ, ರಸ್ತೆ ರಿಪೇರಿ ಕೆಲಸ ಸಿಕ್ತಾ?" ಎಂದು ರೇಗಿಸಿದರೆ ನಗುತ್ತಿದ್ದ.

"ಅಕ್ಕ, ಕಾರಲ್ಲಿ ಕೂತವರಿಗೆ ನಾವು ಕಾಣಲ್ಲ. ನಾವೇ ಕಾಣಿಸ್ಕೋಬೇಕು. ಡ್ರೈವರ್ ನಮ್ಮ ಮುಖ ನೋಡಿದ್ರೂ ನಂಬಬಾರ್ದು, ಅವರ ಚಕ್ರ ನೋಡ್ತಿರಬೇಕು."

ಅವನಿಗೆ ಗಾಡಿ ಕಲಿಸಿದ್ದು ಅಪ್ಪ. ಮಂಡ್ಯದಲ್ಲಿ, ಅಪ್ಪನ ಹಳೇ ಸ್ಕೂಟರಿನಲ್ಲಿ. ಹಿಂದಿನ ಸೀಟಿನಲ್ಲಿ ಕೂತು ಅಪ್ಪ ಕಿವಿಯ ಹತ್ತಿರವೇ ಕೂಗುತ್ತಿದ್ದರು: "ಎದ್ರುಗಡೆಯವ್ನು ಅಡ್ಡ ತಿರುಗ್ಸಕ್ಕೆ ನಿಂತವ್ನೆ, ಡಿಪ್ ಹೊಡಿ, ಎರಡ್ ಸಲ ಹೊಡಿ!" ನಮ್ಮ ಕಡೆ ಹೆಡ್‌ಲೈಟನ್ನು ಹಾಗೆ ಮಿಣುಕಿಸಿದರೆ 'ನಾನು ಬರ್ತಾ ಇದೀನಿ, ನೀನು ನಿಲ್ಲು' ಎಂದರ್ಥ. ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಇದನ್ನು ಹೇಳಿಕೊಡುವುದಿಲ್ಲ, ಆದರೂ ಲಾರಿಯವರಿಂದ ಹಿಡಿದು ಮೊಪೆಡ್ಡಿನವರ ತನಕ ಎಲ್ಲರಿಗೂ ಗೊತ್ತು. ತಮ್ಮನ ಕೈಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಹೆಬ್ಬೆರಳು ತಾನಾಗಿಯೇ ಸ್ವಿಚ್ಚಿಗೆ ಹೋಗುತ್ತಿತ್ತು.

ಅವನಿಗೆ ಗುದ್ದಿದ ಕಾರಿನಲ್ಲಿ ಮುಂದೊಂದು ಕ್ಯಾಮೆರಾ ಇತ್ತು. ಅದರ ವಿಡಿಯೋವನ್ನು ನಮ್ಮ ವಕೀಲರು ನನಗೆ ತೋರಿಸಿದರು. ಕಾರು ಎಡಕ್ಕೆ, ಎಂದರೆ ಇಲ್ಲಿ ಎದುರಿನವರ ದಾರಿಗೆ ಅಡ್ಡವಾಗಿ, ತಿರುಗಲು ಸಿಗ್ನಲ್ಲಿನಲ್ಲಿ ನಿಂತಿದೆ. ಎದುರಿನಿಂದ ನನ್ನ ತಮ್ಮನ ಹಳದಿ ಅಂಗಿ ಬರುತ್ತಿದೆ. ಬೈಕಿನ ದೀಪ ಎರಡು ಸಲ ಮಿಣುಕುತ್ತದೆ. ಕಾರು ತಿರುಗುತ್ತದೆ. ಅಲ್ಲಿಂದ ಮುಂದೆ ನಾನು ನೋಡಲಿಲ್ಲ, ವಕೀಲರೇ ನಿಲ್ಲಿಸಿದರು.

ಓಡಿಸುತ್ತಿದ್ದವರು ನನ್ನ ಅಮ್ಮನ ವಯಸ್ಸಿನ ಒಬ್ಬ ಹೆಂಗಸು. ಪೊಲೀಸರಿಗೆ ಆಕೆ ಹೇಳಿದ್ದು ಇಷ್ಟೇ: "ಲೈಟು ಹಾಕಿ ಅವರು ನನಗೆ ದಾರಿ ಬಿಟ್ಟರು. ಎಷ್ಟು ಒಳ್ಳೆಯ ಮನುಷ್ಯ ಅಂದುಕೊಂಡು ತಿರುಗಿಸಿದೆ." ಆಕೆ ಸುಳ್ಳು ಹೇಳಿರಲಿಲ್ಲ. ಇಲ್ಲಿ ಹಾಗೆ ಮಿಣುಕಿಸಿದರೆ ಜನ ಅರ್ಥ ಮಾಡಿಕೊಳ್ಳುವುದು 'ನೀನು ಹೋಗು' ಎಂದೇ. ಇಷ್ಟು ವರ್ಷದಿಂದ ಇಲ್ಲಿ ಕಾರು ಓಡಿಸುತ್ತಿರುವ ನನಗೂ ಅದು ಗೊತ್ತು. ತಿರುಗುವವರೇ ಕಾಯಬೇಕು ಎನ್ನುವುದು ಕಾನೂನು, ಹಾಗಾಗಿ ತಪ್ಪು ಆಕೆಯದೆಂದು ರಿಪೋರ್ಟಿನಲ್ಲಿ ಬರೆದರು. ಸದ್ಯ, ಅಷ್ಟಾದರೂ ಆಯಿತಲ್ಲ ಎಂದರು ನಮ್ಮವರು. ಆ ಹೆಂಗಸನ್ನು ದ್ವೇಷಿಸಬೇಕೆಂದು ನನಗೆ ಬಹಳ ಆಸೆಯಿತ್ತು. ಆಗಲಿಲ್ಲ. ನನ್ನ ತಮ್ಮನನ್ನು ಒಳ್ಳೆಯ ಮನುಷ್ಯ ಎಂದುಕೊಂಡ ಕೊನೆಯವಳು ಆಕೆ.

ಅಮ್ಮ ಹೋದ ಮೇಲೆ ಅಪ್ಪ ನಮ್ಮ ಜೊತೆಗೇ ಇದ್ದಾರೆ. ಮಗ ಸತ್ತ ಮೇಲೆ ಅವರು ಊಟ ಬಿಟ್ಟಿದ್ದರು, ಮಾತು ಬಿಟ್ಟಿದ್ದರು. ನಾನು ವಕೀಲರ ಆಫೀಸಿನಿಂದ ಬಂದಾಗ ಕೇಳಿದ್ದು ಒಂದೇ.

"ಡಿಪ್ ಹೊಡ್ದಿದ್ನಾ?"

"ಹೊಡೆದಿದ್ದ ಅಪ್ಪ. ಎರಡು ಸಲ."

"ಅಂಗಾದ್ರೆ ನಮ್ಮುಡ್ಗಂದು ತೆಪ್ಪಿಲ್ಲ ಕಣವ್ವ" ಎಂದರು ಅಪ್ಪ. ಅವತ್ತು ತಟ್ಟೆಯ ಮುಂದೆ ಕೂತು ಎರಡು ತುತ್ತು ಉಂಡರು. ಆ ತುತ್ತನ್ನು ಕಿತ್ತುಕೊಳ್ಳಲು ನನ್ನಿಂದಾಗಲಿಲ್ಲ.

ಆಮೇಲೆ ಬಂದವರಿಗೆಲ್ಲ ಅಪ್ಪನೇ ಹೇಳತೊಡಗಿದರು, ನನ್ನ ಮಗ ಎರಡು ಸಲ ಡಿಪ್ ಹೊಡೆದಿದ್ದ, ಆ ಯಮ್ಮ ನೋಡಲಿಲ್ಲ ಎಂದು. ಬಂದವರು ಇಲ್ಲಿ ಗಾಡಿ ಓಡಿಸುವವರೇ. ಕೇಳಿದ ಕೂಡಲೇ ಅವರ ಮುಖ ಬದಲಾಗುತ್ತಿತ್ತು, ನನ್ನ ಕಡೆ ನೋಡುತ್ತಿದ್ದರು. ನಾನು ಕಣ್ಣಲ್ಲೇ ಬೇಡ ಎನ್ನುತ್ತಿದ್ದೆ. "ಹೌದು ಯಜಮಾನ್ರೇ, ಅವನ ತಪ್ಪೇನೂ ಇಲ್ಲ" ಎಂದು ಹೇಳಿ ಹೋಗುತ್ತಿದ್ದರು. ಯಾರನ್ನು ಬೈದುಕೊಂಡು ಖಾಲಿ ಡಬ್ಬಿ ಕೊಟ್ಟಿದ್ದೆನೋ ಅವರೇ ನನ್ನ ಮಾನ ಉಳಿಸಿದರು.

ಹೀಗೆಯೇ ನಡೆದುಹೋಗುತ್ತದೆ ಎಂದುಕೊಂಡಿದ್ದೆ. ಆದರೆ ನನ್ನ ಮಗಳು ಕಾರು ಕಲಿಯುವ ವಯಸ್ಸಿಗೆ ಬಂದಳು.

ಒಂದು ಶನಿವಾರ ಬೆಳಿಗ್ಗೆ ದೇವಸ್ಥಾನಕ್ಕೆ ಹೊರಟೆವು. ಅವಳು ಓಡಿಸುತ್ತಿದ್ದಳು, ಪಕ್ಕದಲ್ಲಿ ನಾನು, ಹಿಂದೆ ಅಪ್ಪ. ಬಹಳ ದಿನಗಳ ಮೇಲೆ ಅಪ್ಪನಿಗೆ ಉತ್ಸಾಹ ಬಂದಿತ್ತು. ನಮ್ಮಿಬ್ಬರ ಸೀಟುಗಳ ನಡುವೆ ತಲೆ ತೂರಿಸಿ ಕೂತಿದ್ದರು. ಮುಂದಿನ ಸಿಗ್ನಲ್ಲು ಹಸಿರಿತ್ತು. ಎದುರಿನಿಂದ ಬಂದ ಕಾರೊಂದು ನಮ್ಮ ದಾರಿಗೆ ಅಡ್ಡವಾಗಿ ತಿರುಗಲು ಇಂಡಿಕೇಟರ್ ಹಾಕಿ ನಿಂತಿತ್ತು.

"ಡಿಪ್ ಹೊಡಿ ಮಗ" ಎಂದರು ಅಪ್ಪ. "ಎರಡ್ ಸಲ."

"ವಾಟ್ ಈಸ್ ಡಿಪ್, ತಾತ?"

"ಲೈಟು ಕಣ್ ಮಗ, ದೊಡ್ ಲೈಟು. ಇಂಗೆ, ಇಂಗೆ." ಬೆರಳು ಮಡಚಿ ಬಿಡಿಸಿ ತೋರಿಸಿದರು.

ತಾತ ಹೇಳಿದರೆ ಇಲ್ಲ ಎನ್ನುವ ಹುಡುಗಿಯಲ್ಲ ಅವಳು. ಕೈ ಸ್ಟೀರಿಂಗ್ ಪಕ್ಕದ ಲೈಟಿನ ಕಡ್ಡಿಗೆ ಹೋಯಿತು. ನಾನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. "ಬೇಡ!" ಎಂದು ಎಷ್ಟು ಜೋರಾಗಿ ಕಿರುಚಿದೆನೆಂದರೆ ಅವಳು ಬ್ರೇಕು ಒತ್ತಿಬಿಟ್ಟಳು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಮೆಲ್ಲಗೆ ಸಿಗ್ನಲ್ಲು ದಾಟಿದೆವು.

"ಯಾಕವ್ವಾ?" ಎಂದರು ಅಪ್ಪ.

ಮಗಳ ಉದ್ದ ಬೆರಳುಗಳು ಮತ್ತೆ ಸ್ಟೀರಿಂಗ್ ಹಿಡಿದಿದ್ದವು. ಅವಳ ಸೋದರಮಾವನಿಗೂ ಅಷ್ಟೇ ಉದ್ದದ ಬೆರಳು. ಇನ್ನು ಸುಮ್ಮನಿದ್ದರೆ ಇವಳೂ ನನಗೆ ಉಳಿಯುವುದಿಲ್ಲ ಅನ್ನಿಸಿತು.

"ಅಪ್ಪ, ಇಲ್ಲಿ ಡಿಪ್ ಹೊಡೆದ್ರೆ ನಿಲ್ಲು ಅಂತ ಅಲ್ಲ. ನೀನು ಹೋಗು ಅಂತ."

ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಇನ್ನೊಂದು ಸಿಗ್ನಲ್ಲು ಬಂದು ಹೋದ ಮೇಲೆ ಅಪ್ಪ ಮೆತ್ತಗೆ ಕೇಳಿದರು.

"ಎರಡ್ ಸಲ ಹೊಡ್ದ ಅಂದಿದ್ದೆ?"

"ಹೂಂ ಅಪ್ಪ."

"ನಾನೇ ಅಲ್ವಾ ಹೇಳ್ಕೊಟ್ಟಿದ್ದು."

"ನಿಮ್ಮ ತಪ್ಪೇನೂ ಇಲ್ಲ ಅಪ್ಪ" ಎಂದೆ. ಬಂದು ಹೋದವರೆಲ್ಲ ಹೇಳಿದ್ದ ಅದೇ ಮಾತು ನನ್ನ ಬಾಯಲ್ಲೂ ಬಂತು.

ದೇವಸ್ಥಾನದ ಪಾರ್ಕಿಂಗಿನಲ್ಲಿ ಮಗಳು ಕಾರು ನಿಲ್ಲಿಸಿದಳು. ಇಳಿದು ಬಂದು ಹಿಂದಿನ ಬಾಗಿಲು ತೆಗೆದು "ತಾತ, ಕಮ್" ಎಂದು ಕೈ ಚಾಚಿದಳು. ಅಪ್ಪ ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತರು. ಇಳಿಯಲಿಲ್ಲ.